ಹೃದ್ರೋಗ ಚಿಕಿತ್ಸೆಯಲ್ಲಿ ಫಲನಿರ್ಣಯ

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ಕನ್ನಡಿಗರ ನಾಣ್ನುಡಿ. ಈ ನುಡಿಯು ವೈದ್ಯಶಾಸ್ತ್ರಕ್ಕೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆಂಬುದನ್ನು ಅಮೆರಿಕಾದ ರಾಷ್ಟ್ರೀಯ ಹೃದಯ, ಶ್ವಾಸಕೋಶ ಮತ್ತು ರಕ್ತ ಸಂಸ್ಥೆಯ ಆಶ್ರಯದಲ್ಲಿ 1987ರಲ್ಲಿ ಆರಂಭವಾದ ‘ಕಾಸ್ಟ್’ ಎಂಬ ಪರೀಕ್ಷಣವು ಲೋಕಕ್ಕೆ ಮನಗಾಣಿಸಿತು.

ಹೃದಯಾಘಾತಕ್ಕೀಡಾಗಿ ಬದುಕುಳಿದ ಹಲವರಲ್ಲಿ ಹೃದಯದ ಬಡಿತವು ಆಗಾಗ ತಾಳ ತಪ್ಪುತ್ತದೆ. ಅಂಥವರಿಗೆ ಹಠಾತ್ ಮರಣದ ಭಯವು ಅಧಿಕವೆಂಬುದನ್ನು ವೈದ್ಯರು ಅರಿತಿದ್ದರು. ತಪ್ಪುಬಡಿತವನ್ನು ಅಡಗಿಸಿದರೆ ಮರಣವೂ ದೂರವಾದೀತೆಂಬುದು ಅವರ ಅನುಮಾನ. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಗಳು ಬಡಿತವನ್ನು ಸರಿಪಡಿಸುತ್ತಿದ್ದುದು ಇ.ಸಿ.ಜಿ.ಯಲ್ಲಿ ಪ್ರತ್ಯಕ್ಷವಾಗಿಯೇ ಕಾಣುತ್ತಿತ್ತು. ಆದರೆ ಅಳೆಯಬೇಕಾದ ಫಲವು ಬಡಿತವೋ, ಆಯುಸ್ಸೋ?

ಈ ಪ್ರಶ್ನೆಗೆ ಉತ್ತರವನ್ನರಸಿ, ಔಷಧದಿಂದ ಬಡಿತವು ಹತೋಟಿಗೆ ಬಂದ 1,498 ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ನಿಜವಾದ ಔಷಧ. ಇನ್ನೊಂದಕ್ಕೆ ನೋಟಕ್ಕೆ ಹಾಗೆಯೇ ಇರುವ, ಗುಣವಿಲ್ಲದ ಹುಸಿಗುಳಿಗೆ. ಯಾರಿಗೆ ಯಾವುದೆಂಬುದನ್ನು ವೈದ್ಯರ ಇಚ್ಛೆಗೆ ಬಿಡದೆ, ಚೀಟಿ ಎತ್ತಿದಂತೆ ಆಕಸ್ಮಿಕಕ್ಕೇ ಒಪ್ಪಿಸಲಾಯಿತು. ಇದರಿಂದ ವಯಸ್ಸು, ರೋಗದ ತೀವ್ರತೆ ಮೊದಲಾದುವು ಉಭಯ ಗುಂಪುಗಳಲ್ಲೂ ಹೆಚ್ಚುಕಡಮೆ ಸಮವಾಗಿ ಹಂಚಿಹೋಗುತ್ತವೆ. ಪಕ್ಷಪಾತವು ನುಸುಳದಂತೆ ಈ ಹಂಚಿಕೆಯನ್ನು ರೋಗಿಗೂ ವೈದ್ಯನಿಗೂ ತಿಳಿಸಲಿಲ್ಲ. ಮರಣಗಳ ಲೆಕ್ಕವನ್ನು ಮಾತ್ರ ಪ್ರತ್ಯೇಕ ಸಮಿತಿಯೊಂದು ಕಾಲಕಾಲಕ್ಕೆ ಪರಿಶೀಲಿಸುತ್ತಿತ್ತು.

ಸರಾಸರಿ ಹತ್ತು ತಿಂಗಳು ಕಳೆಯುವಷ್ಟರಲ್ಲಿ ಔಷಧ ಸೇವಿಸಿದ 755 ಮಂದಿಯಲ್ಲಿ 63 ಜನರೂ, ಹುಸಿಗುಳಿಗೆ ನುಂಗಿದ 743 ಮಂದಿಯಲ್ಲಿ 26 ಜನರೂ ಮೃತರಾಗಿದ್ದರು. ಎಂದರೆ ನೂರಕ್ಕೆ ಸುಮಾರು ಎಂಟು ಮತ್ತು ಮೂರೂವರೆ. ಔಷಧದಿಂದ ಒಳಿತೂ ಕೆಡುಕೂ ಇಲ್ಲದಿದ್ದ ಪಕ್ಷದಲ್ಲಿ ಇಷ್ಟು ದೊಡ್ಡ ಅಂತರವು ಕೇವಲ ಆಕಸ್ಮಿಕವಾಗಿ ಒದಗುವುದು ಸಾವಿರಕ್ಕೊಮ್ಮೆಯೂ ಕಷ್ಟವೆಂದು ಸಂಖ್ಯಾಶಾಸ್ತ್ರವು ಗಣಿಸಿತು. ಇಂಥ ಅಂತರವು ಸ್ಪಷ್ಟವಾದೊಡನೆ, 1989ರ ಏಪ್ರಿಲ್‌ನಲ್ಲಿಯೇ, ಆ ಔಷಧಗಳ ಪ್ರಯೋಗವನ್ನು ನಿಲ್ಲಿಸಲಾಗಿತ್ತು. ಬಡಿತವನ್ನು ತಿದ್ದಿದ ಔಷಧವೇ ಪ್ರಾಣಕ್ಕೆ ಎರವಾಗಿತ್ತು!

ಅನುಭವಿಗಳಾದ ವೈದ್ಯರಿಗೆ ಇದು ಮೊದಲೇ ಏಕೆ ಗೋಚರಿಸಲಿಲ್ಲ? ಇಲ್ಲಿಯೇ ವಿದ್ಯಾರ್ಥಿಗಳು ಗ್ರಹಿಸಬೇಕಾದ ಮರ್ಮವಿದೆ. ನೂರು ರೋಗಿಗಳಲ್ಲಿ ಎಂಟು ಮಂದಿ ತೀರಿಕೊಂಡರೆ ವೈದ್ಯನು ಅದನ್ನು ರೋಗದ ಸಹಜ ಗತಿಯೆಂದೇ ಭಾವಿಸುವನು. ಉಳಿದ ತೊಂಬತ್ತೆರಡು ಮಂದಿಯನ್ನು ಔಷಧವೇ ಉಳಿಸಿತೆಂದು ನಂಬುವನು. ಔಷಧವಿಲ್ಲದಿದ್ದರೆ ಅವರಲ್ಲಿ ಎಷ್ಟು ಮಂದಿ ಬದುಕುತ್ತಿದ್ದರೆಂಬುದು ಅವನ ಕಣ್ಣಿಗೆ ಎಂದಿಗೂ ಕಾಣದು. ಕಾಣದ ಆ ಸಂಗತಿಯನ್ನು ಕಾಣಿಸುವುದೇ ಹೋಲಿಕೆಯ ಗುಂಪು.

ಆದುದರಿಂದ ಚಿಕಿತ್ಸೆಯ ಫಲವನ್ನು ಯಂತ್ರದ ರೇಖೆಯಿಂದಲ್ಲ, ರೋಗಿಯ ಬಾಳಿನಿಂದ ಅಳೆಯಬೇಕು. ಒಬ್ಬರ ಅನುಭವದಿಂದಲ್ಲ, ಸಮಾನರಾದ ಹಲವರ ತುಲನೆಯಿಂದ ನಿರ್ಣಯಿಸಬೇಕು. ಅಂಕಿಗಳು ಶುಷ್ಕವೆನ್ನುವವರುಂಟು. ಆದರೆ ಆ ಒಂದೊಂದು ಅಂಕಿಯ ಹಿಂದೆಯೂ ಒಂದೊಂದು ಮನೆಯ ದೀಪವಿದೆಯೆಂಬುದನ್ನು ವಿದ್ಯಾರ್ಥಿಗಳು ಮರೆಯಲಾಗದು.