ಮುಂಜಾನೆ ಮೂರು ಗಂಟೆಯ ರೋಗ

ಮಗಳೇ,

ಕುಟುಂಬ ಆರೋಗ್ಯ ಕೇಂದ್ರಕ್ಕೆ ಸೇರಿ ವಾರ ಆಗುವುದರೊಳಗೆ ಫೋನು ಮಾಡಿದೆ, "ದೊಡ್ಡಪ್ಪ, ಇಲ್ಲಿ ಬರುವವರಲ್ಲಿ ಅರ್ಧ ಜನಕ್ಕೆ ದಮ್ಮು" ಎಂದು. ಸ್ವಲ್ಪ ತಡೆ. ನಮ್ಮ ಕಾಸರಗೋಡು ಏಳು ಭಾಷೆಯ ಊರು. ಒಬ್ಬ ದಮ್ಮು ಎನ್ನುತ್ತಾನೆ, ಇನ್ನೊಬ್ಬಳು ಉಬ್ಬಸ ಎನ್ನುತ್ತಾಳೆ, ಮಲಯಾಳದವರು ವಲಿವು, ಶ್ವಾಸಂಮುಟ್ಟು ಎನ್ನುತ್ತಾರೆ. ಹೃದಯ ಸೋತು ಏದುಸಿರು ಬಿಡುವ ಅಜ್ಜನಿಗೂ ಅದೇ ಮಾತು, ನಲವತ್ತು ವರ್ಷ ಬೀಡಿ ಎಳೆದವನಿಗೂ ಅದೇ ಮಾತು. ಕಷ್ಟ ನಂಬು, ಹೆಸರು ನಂಬಬೇಡ.

ಅಸ್ತಮಾ ಮುಂಜಾನೆ ಮೂರು ಗಂಟೆಗೆ ಬರುತ್ತದೆ, ನಿನ್ನ ಒಪಿ ಒಂಬತ್ತಕ್ಕೆ ತೆರೆಯುತ್ತದೆ. ಅಷ್ಟು ಹೊತ್ತಿಗೆ ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಸುಯ್ ಎಂಬ ಸದ್ದೂ ಇಲ್ಲ. ಹಾಗಾಗಿ ಕೇಳಬೇಕಾದದ್ದು ಎದೆಯನ್ನಲ್ಲ, ಮನುಷ್ಯನನ್ನು. ಯಾವ ಹೊತ್ತು? ಯಾವ ತಿಂಗಳು? ಅಡಿಕೆ ಸುಲಿಯುವಾಗಲೋ, ಹಟ್ಟಿಯ ಅಟ್ಟದಿಂದ ಬೈಹುಲ್ಲು ಎಳೆಯುವಾಗಲೋ, ಬಚ್ಚಲ ಒಲೆಗೆ ಹಸಿ ಮಡಲು ತುರುಕಿದಾಗಲೋ? ಆಟಿಯ ಮಳೆಗೆ ಗೋಡೆಯಲ್ಲಿ ಬೂಸಲು ಹಿಡಿದ ಕೋಣೆಯಲ್ಲಿ ಮಗು ಮಲಗುತ್ತದೋ? ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ ಎಂದರೆ ಅಸ್ತಮಾದ ಬಾಗಿಲು ತಟ್ಟಿದಂತೆ. ದಿನದಿಂದ ದಿನಕ್ಕೆ ಕೆಡುತ್ತಲೇ ಹೋಗುವುದಾದರೆ ಬೇರೆ ಕಡೆ ಹುಡುಕು.

ಕೇರಳ ಸರಕಾರದ ಆರ್ದ್ರಂ ಯೋಜನೆಯ ಶ್ವಾಸ್ ಕ್ಲಿನಿಕ್ಕಿನಲ್ಲಿ ಸ್ಪೈರೋಮೀಟರ್ ಇದ್ದರೆ ಬಳಸು. ಇಲ್ಲದ ದಿನ ಪೀಕ್ ಫ್ಲೋ ಮೀಟರ್ ಸಾಕು. ಮೂರು ಸಲ ಊದಿಸಿ ದೊಡ್ಡ ಅಂಕಿ ಬರೆದುಕೊ. ಸಾಲ್ಬುಟಮಾಲ್ ಕೊಟ್ಟು ಕಾಲು ಗಂಟೆ ಕೂರಿಸಿ ಮತ್ತೆ ಊದಿಸು. 250 ಇದ್ದದ್ದು 310 ಆಯಿತೆನ್ನು, ಶೇಕಡಾ 20ಕ್ಕಿಂತ ಹೆಚ್ಚು ಏರಿತು. ಕಟ್ಟಿದ ಕೊಳವೆ ಬಿಚ್ಚಿಕೊಂಡಿತು ಎಂದರ್ಥ. ಏರದಿದ್ದರೆ ಅಸ್ತಮಾ ಇಲ್ಲವೆಂದು ತೀರ್ಪು ಕೊಡಬೇಡ, ಮೀಟರನ್ನು ಮನೆಗೆ ಕೊಟ್ಟು ಎರಡು ವಾರ ಬೆಳಗ್ಗೆ ಸಂಜೆ ಬರೆಸು.

ಮೋಸ ಮಾಡುವ ಕೆಲವನ್ನು ನೆನಪಿಡು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಬಿಡಬೇಡ. ಆನೆಕಾಲಿನ ಹುಳ ಇರುವ ಕರಾವಳಿ ನಮ್ಮದು. ರಾತ್ರಿ ಕೆಮ್ಮು, ಉಬ್ಬಸ, ರಕ್ತದಲ್ಲಿ ಇಯೋಸಿನೋಫಿಲ್ 3000 ದಾಟಿದ್ದರೆ ಅದು ಬೇರೆ ರೋಗ, ಮೂರು ವಾರದ ಡಿಇಸಿ ಮಾತ್ರೆಗೆ ಬಗ್ಗುತ್ತದೆ. ನಿನ್ನೆ ತನಕ ಆಡುತ್ತಿದ್ದ ಮಗುವಿಗೆ ಒಂದೇ ಬದಿಯ ಎದೆಯಲ್ಲಿ ಸದ್ದು ಕೇಳಿದರೆ ಹುಣಸೆಬೀಜವೋ ಕಡಲೆಯೋ ಎಂದು ಯೋಚಿಸು. ಅಜ್ಜಿಯ ಕಣ್ಣಿನ ಮದ್ದಿನ ಬಾಟಲಿಯನ್ನೂ ನೋಡು. ಟಿಮೊಲಾಲ್ ಹನಿ ಕಣ್ಣಿಗೆ ಬಿದ್ದು ಎದೆ ಕಟ್ಟಿಸಬಲ್ಲದು.

ಯಾವ ಮನೆ, ಯಾವ ಬದಿ ಎಂದೂ ಬರೆದಿಡು. ಎಣ್ಮಕಜೆಯ ಪಡ್ರೆಯಲ್ಲಿ ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದಾಗ ಒಂದೇ ಸುತ್ತಿನ ಮನೆಗಳಿಂದ ವಿಚಿತ್ರ ಕಾಯಿಲೆಗಳು ಬರುತ್ತಿವೆ ಎಂದು ಗಮನಿಸಿದ್ದು ಅಲ್ಲೇ ಸಣ್ಣ ಕ್ಲಿನಿಕ್ಕಿನಲ್ಲಿ ಕೂತಿದ್ದ ಡಾ. ವೈ.ಎಸ್. ಮೋಹನ್ ಕುಮಾರ್, ಯಾವ ದೊಡ್ಡ ಆಸ್ಪತ್ರೆಯೂ ಅಲ್ಲ.

ಈಗ ನನ್ನ ತಪ್ಪು ಹೇಳುತ್ತೇನೆ. ಅಡಿಕೆ ಸುಲಿಯುವ ಒಬ್ಬರಿಗೆ, ಯಂತ್ರದಲ್ಲಿಟ್ಟು ಉಸಿರಿನಲ್ಲಿ ಎಳೆಯುವ ರೋಟಾಹೇಲರಿನ ಕ್ಯಾಪ್ಸೂಲ್ ಬರೆದಿದ್ದೆ. ಗುಣವಾಗಲಿಲ್ಲ, ಡೋಸ್ ಏರಿಸಿದೆ. ಆಗಲೂ ಇಲ್ಲ, ಮತ್ತೆ ಏರಿಸಿದೆ. ಐದು ತಿಂಗಳ ಮೇಲೆ, ಅದೂ ಮಾತಿಗೆ ಮಾತು ಬಂದು, "ಕ್ಯಾಪ್ಸೂಲ್ ನುಂಗುವಾಗ ಗಂಟಲು ಕಟ್ಟುತ್ತದೆ ಡಾಕ್ಟ್ರೇ" ಎಂದರು. ನುಂಗುತ್ತಿದ್ದರು ಮಾರಾಯ್ತಿ! ಯಂತ್ರವನ್ನು ಜೋಪಾನವಾಗಿ ದೇವರ ಕೋಣೆಯ ಗೂಡಿನಲ್ಲಿ ಇಟ್ಟಿದ್ದರಂತೆ. ಅಂದಿನಿಂದ ನಾನು "ಸರಿಯಾಗಿ ಎಳೆಯುತ್ತೀರಾ?" ಎಂದು ಕೇಳಿದವನಲ್ಲ, ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. "ಒಮ್ಮೆ ಎಳೆದು ತೋರಿಸಿ" ಎನ್ನುತ್ತಿದ್ದೆ. ಉಸಿರು ಪೂರ್ತಿ ಹೊರಗೆ ಬಿಟ್ಟು, ಮತ್ತೆ ಎಳೆದು, ಹತ್ತು ಎಣಿಸುವ ತನಕ ಹಿಡಿದು, ಆಮೇಲೆ ಬಾಯಿ ಮುಕ್ಕಳಿಸುವ ತನಕ ನೋಡುತ್ತಿದ್ದೆ.

ಸೂಜಿ ಕೇಳುವವರು ಬರುತ್ತಾರೆ. ಡೆರಿಫಿಲಿನ್ ಚುಚ್ಚಿಸಿಕೊಂಡು ಬೆಳೆದ ತಲೆಮಾರು ಅದು. ಸಾಲ್ಬುಟಮಾಲಿನ ನೀಲಿ ಪಂಪೊಂದನ್ನೇ ಜೇಬಿನಲ್ಲಿಟ್ಟು ತಿರುಗುವವರೂ ಇದ್ದಾರೆ. ನೀಲಿ ಪಂಪು ಕೊಳವೆಯನ್ನು ತೆರೆಯುತ್ತದೆ, ಒಳಗಿನ ಬಾವನ್ನು ಮುಟ್ಟುವುದಿಲ್ಲ. ಬಾವು ಇಳಿಯಲು ಉಸಿರಿನಲ್ಲಿ ಎಳೆಯುವ ಸ್ಟೆರಾಯ್ಡೇ ಬೇಕು. ಅದಕ್ಕೇ 2019ರಿಂದ ಜಾಗತಿಕ ಮಾರ್ಗಸೂಚಿ ದೊಡ್ಡವರಿಗೆ ನೀಲಿ ಪಂಪೊಂದನ್ನೇ ಕೊಡುವುದನ್ನು ಕೈಬಿಟ್ಟಿತು. ಸ್ಟೆರಾಯ್ಡ್ ಎಂಬ ಶಬ್ದಕ್ಕೆ ತಾಯಂದಿರು ಬೆಚ್ಚುತ್ತಾರೆ, ಮದುವೆಯಾಗಬೇಕಾದ ಹುಡುಗಿ ಪಂಪನ್ನು ಸೀರೆಯ ಮಡಿಕೆಯಲ್ಲಿ ಅಡಗಿಸುತ್ತಾಳೆ. ಮಾತ್ರೆಯಲ್ಲಿ ಮಿಲಿಗ್ರಾಂ ಲೆಕ್ಕ, ಇಲ್ಲಿ ಮೈಕ್ರೋಗ್ರಾಂ ಎಂದು ಕೂತು ಹೇಳು. ಆಡುಸೋಗೆ ಕಷಾಯ ಕುಡಿದವರನ್ನೂ ಮೃಗಶಿರೆಗೆ ಹೈದರಾಬಾದಿನ ಮೀನು ಮದ್ದಿಗೆ ಹೋಗಿ ಬಂದವರನ್ನೂ ಗದರಬೇಡ. ನಾವು ಬರೆಯುವ ಬ್ರೋಮ್‌ಹೆಕ್ಸಿನ್ ಆ ಆಡುಸೋಗೆಯ ಮೊಮ್ಮಗನೇ. ಗದರಿದರೆ ಮುಂದಿನ ಸಲ ಮುಚ್ಚಿಡುತ್ತಾರೆ, ಅಷ್ಟೇ.

ಒಂದು ವಾಕ್ಯ ಪೂರ್ತಿ ಮಾತಾಡಲಾಗದೆ ಬಂದವರನ್ನು ಮಾತ್ರ ಸಾಲಿನಲ್ಲಿ ಕೂರಿಸಬೇಡ. ಜೋರು ಸದ್ದಿಗಿಂತ ಸದ್ದಡಗಿದ ಎದೆಗೆ ಹೆದರು. ಗಾಳಿಯೇ ಆಡುತ್ತಿಲ್ಲ ಎಂದು ಅದರರ್ಥ. ಆಮ್ಲಜನಕ ಹಾಕು, ಸ್ಪೇಸರಿನಲ್ಲಿ ಸಾಲ್ಬುಟಮಾಲ್ ನಾಲ್ಕರಿಂದ ಹತ್ತು ಪಫ್, ಇಪ್ಪತ್ತು ನಿಮಿಷಕ್ಕೊಮ್ಮೆ, ಮೊದಲ ಗಂಟೆ ಪೂರ್ತಿ. ದೊಡ್ಡವರಿಗೆ ಪ್ರೆಡ್ನಿಸೊಲೋನ್ 40 ಮಿಲಿಗ್ರಾಂ ಆಗಲೇ ಕೊಡು. ಆಂಬುಲೆನ್ಸ್ ಕರೆದ ಮೇಲೂ ಕೈ ನಿಲ್ಲಬಾರದು. ಮಂಗಳೂರಿನ ಆಸ್ಪತ್ರೆ ಇದೆಯಲ್ಲ ಎಂಬ ಧೈರ್ಯದಲ್ಲಿ ನಾವೆಲ್ಲ ಬದುಕಿದವರು. 2020ರ ಮಾರ್ಚಿನಲ್ಲಿ ಕೋವಿಡ್ ಎಂದು ಕರ್ನಾಟಕದ ತಲಪಾಡಿ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಬಿದ್ದಾಗ ಆ ಧೈರ್ಯ ಎಷ್ಟು ದೂರದ್ದು ಎಂದು ಗೊತ್ತಾಯಿತು.

ಸ್ಪೇಸರ್ ಮುಗಿದಿದೆ ಎಂದೆಯಲ್ಲ, ಅರ್ಧ ಲೀಟರಿನ ನೀರಿನ ಬಾಟಲಿ ತೆಗೆದಿಡು. ದಪ್ಪ ತಂತಿಯನ್ನು ಪಂಪಿನ ಬಾಯಿಯ ಆಕಾರಕ್ಕೆ ಬಗ್ಗಿಸಿ, ಕೆಂಡದಲ್ಲಿ ಕಾಯಿಸಿ ಬಾಟಲಿಯ ಬುಡಕ್ಕೆ ಒತ್ತಬೇಕು. ಮಕ್ಕಳಿಗೆ ಅದು ಅಂಗಡಿಯದ್ದಕ್ಕೆ ಕಮ್ಮಿಯಿಲ್ಲವೆಂದು ದಕ್ಷಿಣ ಆಫ್ರಿಕದ ವೈದ್ಯರು 1999ರಲ್ಲೇ ತೋರಿಸಿದ್ದಾರೆ. ಆದಿತ್ಯವಾರ ಬರುತ್ತೇನೆ. ತಂತಿ ನಾನು ತರುತ್ತೇನೆ.