ಹೊಗೆ ನನಗೆ ಹೊಸದಲ್ಲ ಅಂದುಕೊಂಡಿದ್ದೆ

ನಾನು ತೀರ್ಥಹಳ್ಳಿ ಕಡೆಯ ಹಳ್ಳಿಯವಳು. ಬೆಳೆದದ್ದು ಹೊಗೆಯಲ್ಲೇ. ಅಡುಗೆಮನೆಯಲ್ಲಿ ಸೌದೆ ಒಲೆ, ಬಚ್ಚಲಲ್ಲಿ ಹೊತ್ತಾರೆಯಿಂದ ಕಾಯುವ ಹಂಡೆ, ಕೊಯ್ಲಿನ ದಿನಗಳಲ್ಲಿ ಅಂಗಳದಾಚೆ ಅಡಿಕೆ ಬೇಯಿಸುವ ದೊಡ್ಡ ಒಲೆ. ಜಂತೆಯಿಂದ ಇಲ್ಲಣ ಜೋತಾಡುತ್ತಿತ್ತು. ಏಳೆಂಟು ವರ್ಷಕ್ಕೇ ಊದುಗೊಳವೆ ನನ್ನ ಕೈಗೆ ಬಂತು. ಮಳೆಗಾಲದ ಹಸಿ ಸೌದೆ ಹೊತ್ತಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವೂ ಇತ್ತು. ಐವತ್ತೆಂಟನೇ ವಯಸ್ಸಿನಲ್ಲಿ ಸ್ಪೈರೋಮೆಟ್ರಿ ಯಂತ್ರದೊಳಕ್ಕೆ ಊದಿಸಿದ ಡಾಕ್ಟರು ‘ಸಿಒಪಿಡಿ’ ಎಂಬ ಶ್ವಾಸಕೋಶದ ಕಾಯಿಲೆ ಅಂದಾಗ, ‘ನಾನು ಬೀಡಿ ಸಿಗರೇಟು ಮುಟ್ಟಿದವಳೇ ಅಲ್ಲ’ ಎಂದು ಜಗಳಕ್ಕೆ ನಿಂತೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಮನೇಲಿ ಯಾವ ಒಲೆ ಇತ್ತಮ್ಮಾ?’

ಈಗ ಇರುವುದು ಮಗನ ಮನೆಯಲ್ಲಿ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಬೇಸಿಗೆ ಮುಗಿಯುತ್ತ ಬಂದ ಹಾಗೆ ಇಲ್ಲಿಯ ಕಾಡಿಗೆ ಬೆಂಕಿ ಬೀಳುತ್ತದೆ. ಎಲ್ಲೋ ಹತ್ತಿದ ಬೆಂಕಿಯ ಹೊಗೆ ನಮ್ಮ ಹಿತ್ತಿಲಿಗೆ ಬಂದು ಕೂರುತ್ತದೆ. ಅದರ ಜೊತೆ ಏಗುತ್ತ ನಾನು ಎಡವಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಔಷಧದ ವಿಚಾರವನ್ನು ಮಾತ್ರ ನಿಮ್ಮ ಡಾಕ್ಟರನ್ನೇ ಕೇಳಿ. ನಾನೇ ಡಾಕ್ಟರಾಗಲು ಹೋಗಿ ಏನಾಯಿತು ಎಂಬುದು ಎರಡನೇ ಪಾಠದಲ್ಲಿದೆ.

1. ಮೂಗಿನ ಮಾತು ಕೇಳಬಾರದು

2018ರ ನವೆಂಬರ್ 8, ಬಲಿಪಾಡ್ಯಮಿ. ಅವತ್ತು ಬೆಳಿಗ್ಗೆ ಉತ್ತರದ ಪ್ಯಾರಡೈಸ್ ಎಂಬ ಊರಿನ ಹತ್ತಿರ ವಿದ್ಯುತ್ ತಂತಿಯಿಂದ ಹೊತ್ತಿದ ಬೆಂಕಿ ಸಂಜೆಯೊಳಗೆ ಆ ಊರನ್ನೇ ನುಂಗಿಬಿಟ್ಟಿತು. 85 ಜನ ಸತ್ತರು. ಅಲ್ಲಿಂದ ನಮ್ಮ ಮನೆಗೆ 250 ಕಿಲೋಮೀಟರಿಗೂ ಹೆಚ್ಚು ದೂರ. ಮಾರನೇ ದಿನ ಹಿತ್ತಿಲ ಬಾಗಿಲು ತೆಗೆದರೆ, ಬಚ್ಚಲೊಲೆಯ ವಾಸನೆ! ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು. ತವರಿನ ವಾಸನೆ ಮೂಗಿಗೆ ಬಡಿದು ಮೂರು ವರ್ಷವಾಗಿತ್ತು. ಕುರ್ಚಿ ಹಾಕಿಕೊಂಡು ಅಲ್ಲೇ ಕೂತು ಕಾಫಿ ಕುಡಿದೆ. ಸೊಸೆ ಎರಡು ಸಲ ಬಂದು ‘ಅತ್ತೆ, ಒಳಗೆ ಬನ್ನಿ’ ಅಂದಳು. ‘ಹೊಗೆ ನಂಗೇನು ಹೊಸದೇನೆ?’ ಅಂದೆ.

ನಾಲ್ಕನೇ ದಿನಕ್ಕೆ ವಾಸನೆ ನಿಂತಿತು. ಹೊಗೆ ಹೋಯಿತು ಅಂದುಕೊಂಡು ವಾಕಿಂಗ್ ಶುರುಮಾಡಿದೆ. ಹೊಗೆ ಅಲ್ಲೇ ಇತ್ತು, ಮೂಗು ಅದಕ್ಕೆ ಒಗ್ಗಿಹೋಗಿತ್ತು ಅಷ್ಟೆ. 16ನೇ ತಾರೀಖು ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು, ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ಹಲವು ಕಡೆ ವಾಯು ಗುಣಮಟ್ಟದ ಸೂಚ್ಯಂಕ 200 ದಾಟಿ ನೇರಳೆ ಬಣ್ಣಕ್ಕೆ ಹೋಯಿತು. ಶ್ವಾಸಕೋಶದ ತಳದವರೆಗೆ ಇಳಿಯುವುದು ಪಿಎಂ 2.5 ಎಂಬ ದೂಳು. ತಲೆಕೂದಲಿನ ದಪ್ಪವನ್ನು ಮೂವತ್ತು ಪಾಲು ಮಾಡಿದರೆ ಅದರಲ್ಲೊಂದು ಪಾಲಿನಷ್ಟು ಸಣ್ಣದು. ಅದು ಮೂಗಿಗೆ ಸಿಗುವುದಿಲ್ಲ. ನಾನು ‘ಸೌದೆ ಹೊಗೆ’ ಎಂದು ಪ್ರೀತಿಯಿಂದ ಎಳೆದುಕೊಂಡದ್ದರಲ್ಲಿ ಒಂದು ಊರಿನ ಮನೆ, ಕಾರು, ಫ್ರಿಜ್ಜು, ಬಣ್ಣದ ಡಬ್ಬಿ ಎಲ್ಲ ಸುಟ್ಟದ್ದು ಸೇರಿತ್ತು. ಆ ಹೊಗೆಯಲ್ಲಿ ಸೀಸ ಇತ್ತು, ಅದರ ಗುರುತು ನಮ್ಮ ಪಕ್ಕದ ಸ್ಯಾನ್ ಹೋಸೆವರೆಗೂ ಸಿಕ್ಕಿತು ಎಂದು ರಾಜ್ಯದ ವಾಯು ಮಂಡಳಿ 2021ರಲ್ಲಿ ಹೇಳಿತು. ಕಾಫಿ ಕುಡಿದ ಕುರ್ಚಿ ನೆನಪಾಯಿತು.

2. ಎರಡು ಹೆಸರಿನ ಔಷಧ ಒಂದೇ ಇರಬಹುದು

ಇದನ್ನು ಬರೆಯಲು ಈಗಲೂ ನಾಚಿಕೆ. ದಿನಾ ಬೆಳಿಗ್ಗೆ ತೆಗೆದುಕೊಳ್ಳಬೇಕಾದ ಇನ್‌ಹೇಲರ್ ಪಂಪನ್ನು ನಾನು ‘ಆರಾಮಾಗಿದ್ದೀನಲ್ಲ’ ಎಂದು ಆಗಾಗ ಬಿಡುತ್ತಿದ್ದೆ. ಆಗಿನ ಬೆಲೆ ಕೇಳಿದರೆ ಯಾರಿಗಾದರೂ ಹಾಗೆ ಅನ್ನಿಸುತ್ತಿತ್ತು. ದಮ್ಮು ಬಂದಾಗ ಮಾತ್ರ ಎಳೆಯುವ ಪಂಪು ಬೇರೆ. ಇಲ್ಲಿ ಕೊಟ್ಟದ್ದರ ಮೇಲೆ ಆಲ್ಬುಟೆರಾಲ್ ಎಂದಿತ್ತು. ಊರಿಂದ ಬಂದವರೊಬ್ಬರು ತಂದುಕೊಟ್ಟದ್ದರ ಮೇಲೆ ಸಾಲ್ಬುಟಮಾಲ್ ಎಂದಿತ್ತು. ಎರಡು ಬೇರೆ ಔಷಧವೆಂದು ತಿಳಿದು, ಒಂದರಿಂದ ಆಗದಿದ್ದರೆ ಇನ್ನೊಂದು ಎಂದು ಸರದಿಯಲ್ಲಿ ಎಳೆಯುತ್ತಿದ್ದೆ. ಎರಡೂ ಒಂದೇ ಔಷಧ. ಅಮೆರಿಕದಲ್ಲಿ ಕರೆಯುವ ಹೆಸರು ಬೇರೆ. ಕೈ ನಡುಗುತ್ತಿತ್ತು, ಎದೆ ಡವಗುಟ್ಟುತ್ತಿತ್ತು, ವಯಸ್ಸಾಯಿತಲ್ಲ ಎಂದು ಸುಮ್ಮನಿದ್ದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 94 ತೋರಿಸುತ್ತಿದ್ದದ್ದೂ ಒಂದು ಧೈರ್ಯ.

ಆ ನವೆಂಬರಿನ ಹೊಗೆಯ ಹತ್ತನೇ ದಿನ ರಾತ್ರಿ ‘ನೀರು ಕೊಡು’ ಎನ್ನುವ ಎರಡು ಪದದ ನಡುವೆ ಉಸಿರು ತೆಗೆದುಕೊಳ್ಳಬೇಕಾಯಿತು. ಆಮೇಲೆ ಆಸ್ಪತ್ರೆ, ಸ್ಟೆರಾಯ್ಡ್, ನಾಲ್ಕು ದಿನ. ನರ್ಸಮ್ಮ ನನ್ನ ಕೈಚೀಲದಿಂದ ಎರಡೂ ಪಂಪು ತೆಗೆದು ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿ, ಏನೂ ಹೇಳದೆ ನನ್ನ ಮುಖ ನೋಡಿದರು. ಬೈದಿದ್ದರೇ ಚೆನ್ನಾಗಿತ್ತು.

ಅಲ್ಲಿಂದ ಬರುವಾಗ ಒಂದು ಹಾಳೆ ಬರೆಸಿಕೊಂಡು ಬಂದೆ. ಈಗ ಫ್ರಿಜ್ಜಿನ ಮೇಲಿದೆ. ಹಸಿರು, ಹಳದಿ, ಕೆಂಪು ಎಂದು ಮೂರು ಭಾಗ. ದಮ್ಮಿನ ಪಂಪು ಮಾಮೂಲಿಗಿಂತ ಎಷ್ಟು ಸಲ ಹೆಚ್ಚಾದರೆ, ಕಫದ ಬಣ್ಣ ಹೇಗೆ ತಿರುಗಿದರೆ ಫೋನ್ ಮಾಡಬೇಕು, ಯಾವಾಗ ಫೋನನ್ನೂ ಮಾಡದೆ ಹೊರಡಬೇಕು ಎಂದು ಅದರಲ್ಲಿದೆ. ನನ್ನದೇ ಒಂದು ಅಳತೆಯನ್ನು ಪೆನ್ಸಿಲಿನಲ್ಲಿ ಸೇರಿಸಿದ್ದೇನೆ: ಮೊಮ್ಮಗಳಿಗೆ ಜಡೆ ಹೆಣೆಯುವಾಗ ಕೈ ಎಷ್ಟು ಸಲ ಕೆಳಗೆ ಬಿಟ್ಟೆ? ಕೈ ಎತ್ತಿ ಮಾಡುವ ಕೆಲಸ ನಮ್ಮಂಥವರ ಉಸಿರನ್ನು ಬೇಗ ಹಿಡಿಯುತ್ತದೆ. ಒಳ್ಳೆಯ ದಿನ ಒಂದು ಸಲ, ಇಲ್ಲವೇ ಇಲ್ಲ. ಮೂರು ಸಲವಾದರೆ ಮಗನಿಗೆ ಹೇಳುತ್ತೇನೆ. ಆಕ್ಸಿಮೀಟರಿಗಿಂತ ಮೊದಲು ಜಡೆ ಹೇಳುತ್ತದೆ.

3. ಒದ್ದೆ ಸೆರಗು ಮಾಸ್ಕ್ ಅಲ್ಲ

ಅಡಿಕೆ ಒಲೆಯ ಮುಂದೆ ನಾವೆಲ್ಲ ಮುಖಕ್ಕೆ ಹಿಡಿಯುತ್ತಿದ್ದದ್ದು ಅದನ್ನೇ. ಕಣ್ಣಿಗೆ ತಂಪು, ಮನಸ್ಸಿಗೆ ಸಮಾಧಾನ. ಸಣ್ಣ ದೂಳು ಮಾತ್ರ ನೂಲಿನ ಸಂದಿಯಲ್ಲಿ ಹಾಯಾಗಿ ನುಗ್ಗುತ್ತದೆ. ನೀಲಿ ಸರ್ಜಿಕಲ್ ಮಾಸ್ಕಿನದೂ ಹೆಚ್ಚುಕಮ್ಮಿ ಅದೇ ಕತೆ, ಕೆನ್ನೆಯ ಪಕ್ಕದಲ್ಲಿ ಬಾಗಿಲು ತೆರೆದೇ ಇರುತ್ತದೆ. ಬೇಕಾದದ್ದು ಎನ್‌95, ಅದೂ ಮುಖಕ್ಕೆ ಬಿಗಿಯಾಗಿ ಕೂತರೆ. ಬಿಗಿಯಾಗಿ ಕೂತರೆ ನನಗೆ ಉಸಿರೆಳೆಯುವುದು ಕಷ್ಟ. ಡಾಕ್ಟರನ್ನು ಕೇಳಿ, ಮನೆಯೊಳಗೆ ಐದೈದು ನಿಮಿಷ ಹಾಕಿಕೊಂಡು ಅಭ್ಯಾಸ ಮಾಡಿದೆ. ಈಗ ಕಾರಿನಿಂದ ಆಸ್ಪತ್ರೆ ಬಾಗಿಲವರೆಗೆ ಸಾಕಾಗುತ್ತದೆ. ಅದಕ್ಕಿಂತ ದೂರದ ಕೆಲಸವಿದ್ದರೆ ಆ ಕೆಲಸವನ್ನೇ ಬಿಡುತ್ತೇನೆ.

4. ಆಕಾಶದ ಬಣ್ಣವೂ ಮೋಸ ಮಾಡುತ್ತದೆ

2020ರ ಆಗಸ್ಟಿನಲ್ಲಿ ಮಳೆಯಿಲ್ಲದ ಒಣ ಸಿಡಿಲು ಬಡಿದು ನಮ್ಮ ಊರಿನ ಹಿಂದಿನ ಗುಡ್ಡಗಳಿಗೂ ಬೆಂಕಿ ಹತ್ತಿತು. ಸೆಪ್ಟೆಂಬರ್ 9ರಂದು ಬೆಳಗೇ ಆಗಲಿಲ್ಲ. ಒಂಬತ್ತು ಗಂಟೆಗೆ ಆಕಾಶವೆಲ್ಲ ಕಿತ್ತಳೆ, ಬೀದಿದೀಪ ಉರಿಯುತ್ತಲೇ ಇತ್ತು. ಮೊಮ್ಮಗಳು ‘ಅಜ್ಜಿ, ಇನ್ನೂ ರಾತ್ರಿ’ ಎಂದು ಮಗ್ಗುಲಾಗಿ ಮಲಗಿದಳು. ನಾನು ಬಾಗಿಲ ಸಂದಿಗೆಲ್ಲ ಟವೆಲ್ ತುರುಕಿ, ಹೆದರಿಕೆಗೇ ಎರಡು ಸಲ ಪಂಪು ಎಳೆದೆ. ಮಗ ಫೋನಿನಲ್ಲಿ ಸೂಚ್ಯಂಕ ತೋರಿಸಿದ. ಹಿಂದಿನ ವಾರಗಳಿಗಿಂತ ಕೆಟ್ಟದ್ದೇನೂ ಇರಲಿಲ್ಲ! ಸಮುದ್ರದ ತಂಪು ಗಾಳಿ ನೆಲದ ಹತ್ತಿರ ಪದರವಾಗಿ ನಿಂತು, ಹೊಗೆ ಅದರ ಮೇಲೆ ತೇಲುತ್ತಿತ್ತಂತೆ.

ಎರಡು ದಿನ ಬಿಟ್ಟು ಕಿತ್ತಳೆ ಹೋಗಿ ಎಲ್ಲ ಬೂದು ಬಣ್ಣವಾಯಿತು. ಆಗುಂಬೆಯ ಮಂಜಿನ ಹಾಗೆ ಕಂಡಿತು. ಸಾಕಪ್ಪ ಎಂದು ಮಲಗುವ ಕೋಣೆಯ ಕಿಟಕಿ ತೆರೆದೆ. ಮೇಲಿದ್ದ ಹೊಗೆ ಕೆಳಗೆ ಇಳಿದದ್ದೇ ಆಗ. ಸುಮ್ಮನೆ ಹೆದರಿದ ದಿನ ನನಗೆ ಏನೂ ಆಗಲಿಲ್ಲ. ಸಮಾಧಾನವಾದ ದಿನ ರಾತ್ರಿಯಿಡೀ ದಿಂಬಿಗೊರಗಿ ಕೂತೆ. ಈಗ ಕಿಟಕಿಯ ಚಿಲಕಕ್ಕೆ ಕೈ ಹಾಕುವ ಮೊದಲು ಫೋನ್ ನೋಡುತ್ತೇನೆ. 100ರ ಒಳಗಿದ್ದರೆ ತೆಗೆಯುತ್ತೇನೆ. ನಮ್ಮಂಥವರಿಗೆ ಅಲ್ಲಿಂದಾಚೆ ಕಿತ್ತಳೆ ಪಟ್ಟಿ ಶುರು.

5. ಹೊರಗಿನ ಹೊಗೆಗೆ ಬಾಗಿಲು ಹಾಕಿ ಒಳಗೆ ಒಗ್ಗರಣೆ ಹಾಕಬೇಡಿ

ಅದೇ ಸೆಪ್ಟೆಂಬರಿನಲ್ಲಿ ಮಗ ಅಡುಗೆಮನೆ ಕಪಾಟಿನ ಮೇಲೆ ಅಂಗೈಯಗಲದ ದೂಳುಮಾಪಕ ತಂದಿಟ್ಟ. ಮನೆಯೆಲ್ಲ ಮುಚ್ಚಿತ್ತು, ಅದು 14 ತೋರಿಸುತ್ತಿತ್ತು. ಸಾರಿಗೆ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿಯಿತು, ಕರಿಬೇವು ಚಟಪಟ ಅಂದಿತು, ಎರಡು ಬ್ಯಾಡಗಿ ಮೆಣಸಿನಕಾಯಿ ಕಪ್ಪಾಗುವ ಹೊತ್ತಿಗೆ ಅಂಕಿ 60, 110, 190! ಹೊರಗೆ ಕಾಡು ಉರಿಯುತ್ತಿದ್ದರೂ ಅಷ್ಟಿರಲಿಲ್ಲ. ‘ಯಂತ್ರ ಕೆಟ್ಟಿದೆ’ ಅಂದೆ. ಸೊಸೆ ನಕ್ಕಳೇ ಹೊರತು ಮಾತಾಡಲಿಲ್ಲ. ಮಾರನೇ ದಿನ ದೇವರ ಮುಂದೆ ಎರಡು ಊದುಬತ್ತಿ ಹಚ್ಚಿದಾಗಲೂ ಯಂತ್ರ ಹಾಗೇ ಕೆಟ್ಟಿತು.

ಈಗ ನಮ್ಮ ಮನೆಯಲ್ಲಿ ‘ಹೊಗೆ ಊಟ’ ಎಂದೇ ಒಂದಿದೆ: ಕುಕ್ಕರಿನ ಅನ್ನ, ಒಂದೆಲಗದ ಹಸಿ ತಂಬುಳಿ, ಕೋಸಂಬರಿ, ಮೊಸರು. ಒಗ್ಗರಣೆ ಇಲ್ಲದ ಕೋಸಂಬರಿಯನ್ನು ಕೋಸಂಬರಿ ಅನ್ನಬಹುದೇ ಎಂಬ ವಿಚಾರದಲ್ಲಿ ನನಗೂ ಮಗನಿಗೂ ಇನ್ನೂ ರಾಜಿಯಾಗಿಲ್ಲ. ದೇವರಿಗೆ ಹೂವು, ಪುಟ್ಟ ಕರೆಂಟು ದೀಪ. ನೀಲಗಿರಿ ಎಣ್ಣೆ ಹಾಕಿ ಆವಿ ತೆಗೆದುಕೊಳ್ಳುವುದನ್ನೂ ಬಿಟ್ಟೆ. ಆ ಘಾಟಿಗೇ ನನಗೆ ಎದೆ ಬಿಗಿಯುತ್ತಿತ್ತು.

6. ಬಾಣದ ಗುರುತು ನೋಡಿ ಅಂಟಿಸಿ

2021ರ ಬೇಸಿಗೆಯಲ್ಲಿ ಉತ್ತರದಲ್ಲಿ ಡಿಕ್ಸೀ ಎಂಬ ಬೆಂಕಿ ತಿಂಗಳುಗಟ್ಟಲೆ ಉರಿಯಿತು. ಮನೆಗೆಲ್ಲ ದುಬಾರಿ ಏರ್ ಪ್ಯೂರಿಫೈಯರ್ ಕೊಳ್ಳುವ ಬದಲು ನಾನೇ ಒಂದನ್ನು ಕಟ್ಟುತ್ತೇನೆ ಅಂದೆ. ರಿಚರ್ಡ್ ಕೋರ್ಸಿ, ಜಿಮ್ ರೋಸೆಂತಾಲ್ ಎಂಬಿಬ್ಬರ ಹೆಸರಿನ ಡಬ್ಬಿ ಅದು. ಇಪ್ಪತ್ತು ಇಂಚಿನ ಚೌಕದ ಮರ್ವ್-13 ಫಿಲ್ಟರು ನಾಲ್ಕು, ಗೋಡೆಯ ಹಾಗೆ ನಿಲ್ಲಿಸುವುದು, ಕೆಳಗೆ ರಟ್ಟು, ಮೇಲೆ ಅಷ್ಟೇ ಅಗಲದ ಚೌಕ ಫ್ಯಾನು, ಮುಖ ಮೇಲಕ್ಕೆ, ಸಂದಿಗೆಲ್ಲ ಟೇಪು. ಫ್ಯಾನು ಗಾಳಿಯನ್ನು ಮೇಲಕ್ಕೆ ಬಿಡುತ್ತದೆ, ಕೋಣೆಯ ಗಾಳಿ ನಾಲ್ಕೂ ಕಡೆಯಿಂದ ಸೋಸಿಕೊಂಡು ಒಳಗೆ ಬರುತ್ತದೆ.

ಎಲೆ ಹಚ್ಚುವ ಕೈಗೆ ಟೇಪು ಅಂಟಿಸುವುದು ದೊಡ್ಡದೇ ಎಂಬ ಗತ್ತಿನಲ್ಲಿ ಮಧ್ಯಾಹ್ನವೆಲ್ಲ ಕೂತು ಮುಗಿಸಿದೆ. ಫಿಲ್ಟರಿನ ಅಂಚಿನಲ್ಲಿ ಗಾಳಿ ಯಾವ ಕಡೆ ಹೋಗಬೇಕೆಂದು ಬಾಣ ಇರುತ್ತದೆ. ಬಾಣ ಕಾಣುವಂತಿದ್ದರೆ ಚೆಂದ ಎಂದು ನಾಲ್ಕನ್ನೂ ಹೊರಮುಖವಾಗಿ ಇಟ್ಟಿದ್ದೆ. ಒಳಮುಖ ಇರಬೇಕಿತ್ತು. ಮೂಲೆಯೊಂದರಲ್ಲಿ ಟೇಪು ಬಿಟ್ಟುಕೊಂಡು, ಗಾಳಿ ಸೋಸಿಕೊಳ್ಳುವ ಶ್ರಮವಿಲ್ಲದೆ ಅಲ್ಲಿಂದಲೇ ನುಗ್ಗುತ್ತಿತ್ತು. ಅದರ ಪಕ್ಕದಲ್ಲೇ ಎರಡು ದಿನ ಹೆಮ್ಮೆಯಿಂದ ಮಲಗಿದೆ. ಮಾಪಕದ ಅಂಕಿ ಇಳಿಯಲೇ ಇಲ್ಲ. ಆಗಲೂ ಮೊದಲು ಬೈದದ್ದು ಮಾಪಕವನ್ನೇ.

ಬಿಚ್ಚಿ ತಿರುಗಿಸಿ ಕಟ್ಟಿದ ಮೇಲೆ ಅರ್ಧ ಗಂಟೆಯಲ್ಲಿ ನನ್ನ ಕೋಣೆಯ ಅಂಕಿ 70ರಿಂದ 20ಕ್ಕೆ ಬಂತು. ಇಡೀ ಮನೆಯನ್ನು ಕಾಯುವ ಆಸೆ ಬಿಟ್ಟಿದ್ದೇನೆ. ಒಂದು ಕೋಣೆ, ಮುಚ್ಚಿದ ಬಾಗಿಲು, ಒಂದು ಡಬ್ಬಿ. ಹೊಗೆಗಾಲ ಮುಗಿದಾಗ ಬಿಳಿ ಫಿಲ್ಟರು ಡಿಕಾಕ್ಷನ್ ಸೋಸಿದ ಬಟ್ಟೆಯ ಹಾಗಾಗಿತ್ತು. ಅದನ್ನು ಎಸೆಯುವ ಮೊದಲು ಬಹಳ ಹೊತ್ತು ನೋಡಿದೆ. ನಮ್ಮ ಹಳೇ ಮನೆಯ ಜಂತೆಯ ಬಣ್ಣ.

7. ಬೆಂಕಿಗೆ ಮೊದಲು ಕರೆಂಟು ಹೋಗಬಹುದು

ಒಣಗಾಳಿ ಜೋರಾದರೆ ತಂತಿಯಿಂದ ಕಿಡಿ ಹಾರದಿರಲಿ ಎಂದು ಇಲ್ಲಿ ಮುಂಚೆಯೇ ವಿದ್ಯುತ್ ತೆಗೆಯುತ್ತಾರೆ. 2019ರ ಅಕ್ಟೋಬರಿನಲ್ಲಿ ಹಾಗಾದಾಗ ನನ್ನ ನೆಬ್ಯುಲೈಸರ್ ಗೋಡೆಯ ಪ್ಲಗ್ಗಿನಲ್ಲಿ ಸುಮ್ಮನೆ ನೇತಾಡುತ್ತಿತ್ತು. ಈಗ ಬ್ಯಾಟರಿಯದೊಂದು ಇದೆ, ಪಂಪಿಗೆ ಸಿಕ್ಕಿಸುವ ಸ್ಪೇಸರ್ ಇದೆ, ಒಂದು ತಿಂಗಳ ಔಷಧ ಬಾಗಿಲ ಹತ್ತಿರದ ಚೀಲದಲ್ಲಿದೆ. ಚೀಲದಲ್ಲಿ ಚಕ್ಕುಲಿಯೂ ಇದೆ. ಅದು ಮಾತ್ರ ಆಗಾಗ ಖಾಲಿಯಾಗುತ್ತದೆ.

8. ನೂರು ಎಲ್ಲ ಕಡೆಯೂ ನೂರಲ್ಲ

2023ರ ಮಾರ್ಚಿನಲ್ಲಿ ಊರಿಗೆ ಹೋದೆ. ಶಿವರಾತ್ರಿ ಕಳೆದು ಗುಡ್ಡವೆಲ್ಲ ಒಣಗಿತ್ತು, ಅಲ್ಲಲ್ಲಿ ದರಕಿಗೆ ಬೆಂಕಿ. ನಾನೀಗ ಅಂಕಿ ನೋಡುವವಳಲ್ಲವೇ, ಫೋನ್ ತೆಗೆದೆ. ಶಿವಮೊಗ್ಗದ ಮಾಪಕ 95 ತೋರಿಸಿತು, ‘ಸಮಾಧಾನಕರ’ ಎಂದಿತ್ತು. ಫ್ರೀಮಾಂಟಿನ ಲೆಕ್ಕದಲ್ಲೇ 100ರೊಳಗಿದೆ ಎಂದು ತೋಟ ಸುತ್ತಿಬಂದೆ. ಎರಡು ತಪ್ಪು. ಮಾಪಕ ಇದ್ದದ್ದು ನಮ್ಮೂರಿನಿಂದ ಬಹುದೂರ. ದರಕು ಉರಿಯುತ್ತಿದ್ದದ್ದು ಪಕ್ಕದ ಬ್ಯಾಣದಲ್ಲಿ. ಜೊತೆಗೆ ಎರಡು ದೇಶದ ಸೂಚ್ಯಂಕದ ಅಳತೆಗೋಲೇ ಬೇರೆ. ಒಂದು ಘನಮೀಟರ್ ಗಾಳಿಯಲ್ಲಿ ಪಿಎಂ 2.5 ದೂಳು 60 ಮೈಕ್ರೋಗ್ರಾಂ ಇದ್ದರೆ ಭಾರತದಲ್ಲಿ ಸೂಚ್ಯಂಕ 100. ಅಷ್ಟೇ ದೂಳಿಗೆ ಅಮೆರಿಕದಲ್ಲಿ 150 ದಾಟಿ ಕೆಂಪಾಗುತ್ತದೆ. ಈಗ ಊರಿಗೆ ಹೋದಾಗ ಸೂಚ್ಯಂಕ ಬಿಟ್ಟು ಮೈಕ್ರೋಗ್ರಾಂ ಎಷ್ಟೆಂದು ಹುಡುಕುತ್ತೇನೆ.

ಸಂಜೆ ಮನೆಗೆ ಬಂದರೆ, ಅಕ್ಕ ಬಂದಿದ್ದಾಳೆಂದು ತಂಗಿ ಬಚ್ಚಲೊಲೆಗೆ ತುಂಬ ಸೌದೆ ಒಟ್ಟಿದ್ದಳು. ಹಂಡೆ ತಳಮಳ ಕುದಿಯುತ್ತಿತ್ತು. ಇಷ್ಟೆಲ್ಲ ಕಲಿತವಳು ಬೇಡ ಅನ್ನಬೇಕಿತ್ತು. ಬಾಯಿ ಬರಲಿಲ್ಲ. ಹೊಗೆಯಲ್ಲೇ ಮೀಯಲು ಕೂತೆ, ರಾತ್ರಿ ಕೆಮ್ಮಿ ಕೆಮ್ಮಿ ಮನೆಯವರನ್ನೆಲ್ಲ ಎಬ್ಬಿಸಿದೆ. ತಂಗಿ ಬೆನ್ನು ನೀವುತ್ತ ಒಂದು ಮಾತೂ ಆಡಲಿಲ್ಲ. ಎರಡು ದಿನ ಬಿಟ್ಟು ಪೇಟೆಯಿಂದ ಕರೆಂಟು ಗೀಸರ್ ಬಂತು. ಮೊದಲ ನೀರು ನನಗೇ ಅಂದಳು.

ಮಿಂದು ಬಂದೆ. ‘ಹ್ಯಾಂಗಾತು ಅಕ್ಕಾ?’ ಅಂದಳು. ಸುಮ್ಮನಿರಬೇಕಿತ್ತು. ‘ನೀರಿಗೆ ವಾಸನೆಯೇ ಇಲ್ಲ ಮಾರಾಯ್ತಿ’ ಅಂದುಬಿಟ್ಟೆ.