ಎಲ್ಲಾ ಕೊಕ್ಕರೆನೇ ಅಲ್ವಾ?

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತಳಾಗಿ ಮೈಸೂರಿನಲ್ಲಿದ್ದೇನೆ. ಅರಣ್ಯ ಇಲಾಖೆಯವರನ್ನು ಕೇಳಿಕೊಂಡು, ಭಾನುವಾರ ರಂಗನತಿಟ್ಟಿಗೆ ಬರುವವರಿಗೆ ಹಕ್ಕಿ ತೋರಿಸುವ ಸೇವೆಗೆ ಸೇರಿದೆ. ನನಗೆ ಗೊತ್ತಿರುವುದು ಮೂವತ್ತು ನಲವತ್ತು ಹಕ್ಕಿ ಅಷ್ಟೆ. ಮೊನ್ನೆ ಶಾಲೆಯ ಮಕ್ಕಳೆದುರು ಒಂದು ಹೆಸರು ತಪ್ಪಾಗಿ ಹೇಳಿದೆ. ಉದ್ದ ಲೆನ್ಸಿನ ಕ್ಯಾಮೆರಾದವರೊಬ್ಬರು ಎಲ್ಲರಿಗೂ ಕೇಳುವಂತೆ ತಿದ್ದಿದರು. ಮಿಕ್ಕವರಿಗೆ ಹಕ್ಕಿಯೇ ಬೇಡ. ‘ಎಲ್ಲಾ ಕೊಕ್ಕರೆನೇ ಅಲ್ವಾ, ಮೊಸಳೆ ಎಲ್ಲಿ?’ ಅಂತಾರೆ. ‘ನಿನಗ್ಯಾಕಮ್ಮ ಈ ಉಸಾಬರಿ’ ಅನ್ನುತ್ತಾನೆ ಮಗ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಮಗನನ್ನೂ ಒಂದು ಭಾನುವಾರ ಜೊತೆಗೆ ಎಳೆದುಕೊಂಡು ಹೋಗಿ.

ಹೆಸರು ಒಪ್ಪಿಸುವುದೇ ನಿಮ್ಮ ಕೆಲಸ ಎಂದುಕೊಂಡಿದ್ದೀರಿ, ತೊಡಕಿರುವುದು ಅಲ್ಲಿ. ಸಂಸಾರ ಸಮೇತ ಬಂದವರಿಗೆ ಹತ್ತು ಹೆಸರು ಹೇಳಿದರೆ ಗೇಟು ದಾಟುವುದರೊಳಗೆ ಹತ್ತೂ ಮರೆತಿರುತ್ತವೆ. ‘ಎಲ್ಲಾ ಕೊಕ್ಕರೆನೇ’ ಅಂದವರನ್ನು ಮಾತ್ರ ನಾನಾಗಿದ್ದರೆ ಬಿಡುತ್ತಲೇ ಇರಲಿಲ್ಲ. ‘ಹಾಗಾದರೆ ಕೊಕ್ಕು ನೋಡಿ’ ಅನ್ನಿ. ಬಾಯ್ಕಳಕ ಬಾಯಿ ಮುಚ್ಚಿದರೂ ಕೊಕ್ಕಿನ ನಡುವೆ ಸಂದು ಉಳಿದಿರುತ್ತದೆ. ಅದರ ಮುಖ್ಯ ಊಟ ನೀರಿನ ಬಸವನಹುಳು. ಚಮಚಕೊಕ್ಕು ಮೂತಿಯನ್ನು ನೀರಿನಲ್ಲಿ ಎಡಕ್ಕೂ ಬಲಕ್ಕೂ ಬೀಸುತ್ತಾ ನಡೆಯುತ್ತದೆ. ಬಣ್ಣದ ಕೊಕ್ಕರೆ ಅರ್ಧ ತೆರೆದ ಕೊಕ್ಕನ್ನು ನೀರಿಗಿಳಿಸಿ, ಮೀನು ತಾಗಿದ ಕೂಡಲೇ ಪಟ್ಟನೆ ಮುಚ್ಚುತ್ತದೆ. ಒಂದೇ ಹೊಳೆಯಲ್ಲಿ ಇವು ಹೇಗೆ ಬದುಕುತ್ತವೆಂದು ಮಕ್ಕಳನ್ನೇ ಕೇಳಿ, ನೀವು ಹೇಳುವ ಮೊದಲೇ ಹೇಳುತ್ತಾರೆ. ಗೂಡಿನ ಕಾಲವಾದರೆ ಇನ್ನೂ ಸುಲಭ. ಉರಿಬಿಸಿಲಲ್ಲಿ ರೆಕ್ಕೆ ಬಿಡಿಸಿ ಮರಿಗಳಿಗೆ ನೆರಳು ಹಿಡಿದು ನಿಂತ ಕೊಕ್ಕರೆಯೊಂದನ್ನು ತೋರಿಸಿದರೆ ಸಾಕು. ‘ಇನ್ನೂ ಹತ್ತಿರ ಬಿಡಿ’ ಎಂದು ದೋಣಿಯವರನ್ನು ಕಾಡುವವರಿಗೆ, ಆ ಹಕ್ಕಿ ಬೆದರಿ ಎದ್ದರೆ ಮರಿಗಳ ಗತಿ ಏನು ಎಂದು ಬೇರೆ ಹೇಳಬೇಕಾಗುವುದಿಲ್ಲ.

ಬಹಳ ಜನ ಬೇಸರಪಟ್ಟು ಹೊರಡುವುದು ಹಕ್ಕಿ ಕಾಣದೆ ಇರುವುದರಿಂದ. ಬೈನಾಕ್ಯುಲರ್ ಕೊಟ್ಟರೆ ಬರೀ ಕಪ್ಪು ಕಾಣುತ್ತದೆ, ‘ಹ್ಞೂಂ, ಚೆನ್ನಾಗಿದೆ’ ಎಂದು ಮರ್ಯಾದೆಗೆ ಹೇಳಿ ವಾಪಸು ಕೊಡುತ್ತಾರೆ. ಮಕ್ಕಳಿಗೆ ಎರಡು ಕೊಳವೆಗಳನ್ನೂ ಹತ್ತಿರಕ್ಕೆ ಮಡಚಿಕೊಡಿ. ಕನ್ನಡಕದವರಿಗೆ ಕಣ್ಣಿನ ಕಡೆಯ ರಬ್ಬರನ್ನು ಹಿಂದಕ್ಕೆ ಮಡಚಿ. ಮೊದಲು ಬರಿಗಣ್ಣಲ್ಲಿ ಹಕ್ಕಿಯನ್ನು ಹಿಡಿದು, ದೃಷ್ಟಿ ಕದಲಿಸದೆ ಬೈನಾಕ್ಯುಲರನ್ನು ಕಣ್ಣಿಗೆ ತರಲು ಹೇಳಿ. ‘ಅಲ್ಲಿ, ಅಲ್ಲಿ’ ಅಂದರೆ ಯಾರಿಗೂ ತಿಳಿಯದು. ‘ಒಣಗಿದ ಕೊಂಬೆ, ಅದರ ಬಲಕ್ಕೆ ಎರಡನೇ ಗೂಡು’ ಅನ್ನಿ.

ಕ್ಯಾಮೆರಾದವರ ವಿಷಯ. ಅವರು ತಿದ್ದಿದ್ದು ಸರಿ, ತಿದ್ದಿದ ರೀತಿ ಸರಿಯಿಲ್ಲ. ಮತ್ತೆ ಸಿಕ್ಕರೆ, ‘ಸಾರ್, ನೀವು ತೆಗೆದ ಫೋಟೊ ಈ ಮಕ್ಕಳಿಗೆ ಸ್ವಲ್ಪ ತೋರಿಸ್ತೀರಾ?’ ಎಂದು ಕೇಳಿ. ಗರಿಯ ಎಳೆ ಎಳೆಯೂ ಕಾಣುವ ಪರದೆಯ ಸುತ್ತ ಮಕ್ಕಳು ಮುತ್ತಿಕೊಂಡ ಮೇಲೆ ಅವರೂ ನಿಮ್ಮ ಜೊತೆಯ ಮೇಷ್ಟರೇ. ಗೊತ್ತಿಲ್ಲದ ಹಕ್ಕಿ ಬಂದರೆ ಗೊತ್ತಿಲ್ಲ ಅನ್ನಿ, ಪುಸ್ತಕ ತೆಗೆದು ಮಕ್ಕಳೊಂದಿಗೇ ಹುಡುಕಿ. ದೋಣಿ ನಡೆಸುವವರನ್ನೂ ಕೇಳಿ. ದಿನವಿಡೀ ಆ ಗೂಡುಗಳ ಸುತ್ತಲೇ ಇರುವವರು, ನಮ್ಮ ನಿಮ್ಮಂಥವರಿಗೆ ತಿಳಿಯದ್ದು ಎಷ್ಟೋ ತಿಳಿದಿರುತ್ತಾರೆ.

ಮೊಸಳೆ ಕೇಳುವವರ ಮೇಲೆ ಸಿಟ್ಟೇಕೆ? ಮೊಸಳೆಯನ್ನೇ ಮೊದಲು ತೋರಿಸಿ. ಅದು ಬಾಯಿ ತೆರೆದುಕೊಂಡು ಬಂಡೆಯ ಮೇಲೆ ಗಂಟೆಗಟ್ಟಲೆ ಅಲುಗಾಡದೆ ಬಿದ್ದಿರುತ್ತದೆ, ಬೇಗ ಬೇಸರ ಬರುತ್ತದೆ. ಆಮೇಲೆ ಕಣ್ಣು ತಾನಾಗಿ ಹಕ್ಕಿಯ ಕಡೆಗೆ ಹೊರಳುತ್ತದೆ.

ಇತಿಹಾಸ ಎರಡು ಮಾತಿನಲ್ಲಿ ಮುಗಿಸಿ. ಹದಿನೇಳನೇ ಶತಮಾನದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದ ಈ ತಿಟ್ಟುಗಳಾದವು. ಪಕ್ಷಿತಜ್ಞ ಸಲೀಂ ಅಲಿ ಹೇಳಿದ ಮೇಲೆ ಮೈಸೂರು ಅರಸರು 1940ರಲ್ಲಿ ಪಕ್ಷಿಧಾಮವೆಂದು ಸಾರಿದರು. 2022ರಲ್ಲಿ ರಾಜ್ಯದ ಮೊದಲ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಆಯಿತು ಎನ್ನುವುದನ್ನು ಕೇಳಿದವರಿಗೆ ಹೇಳಿದರೆ ಸಾಕು.

ಇನ್ನೊಂದಕ್ಕೆ ಈಗಲೇ ತಯಾರಾಗಿರಿ. ಮಳೆಗಾಲದಲ್ಲಿ ಕನ್ನಂಬಾಡಿ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ತಿಟ್ಟುಗಳು ಮುಳುಗುತ್ತವೆ, ದೋಣಿ ನಿಲ್ಲುತ್ತದೆ. ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದವರು ಟಿಕೆಟ್ ಕೊಡುವವರ ಮೇಲೆ ಹರಿಹಾಯುವಾಗ ನೀವೇ ಎದುರಿಗೆ ಸಿಕ್ಕಿಬೀಳುವುದು ಖಂಡಿತ. ವಾದಕ್ಕೆ ನಿಲ್ಲದೆ, ಮರಗಳಲ್ಲಿ ತಲೆಕೆಳಗಾಗಿ ನೇತಾಡುವ ದೊಡ್ಡ ಬಾವಲಿಗಳ ಕಡೆಗೆ ಕರೆದೊಯ್ಯಿರಿ. ಅವುಗಳ ಗಲಾಟೆ ಇವರ ಗಲಾಟೆಯನ್ನು ಮೀರಿಸುತ್ತದೆ.